ಹುಕ್ ಹಾಕಿತ್ತು, ಅಂತರ ಸಾಲಲಿಲ್ಲ: ಎತ್ತರದ ಕೆಲಸದಲ್ಲಿ ನಡೆದ ಒಂದು ಬೀಳುವಿಕೆಯ ಪ್ರಕರಣ ಅಧ್ಯಯನ

“ಬೆಲ್ಟ್ ಹಾಕಿದ್ದೆ ಸರ್, ಹುಕ್ಕೂ ಹಾಕಿದ್ದೆ.” ಎರಡೂ ಹಿಮ್ಮಡಿಯ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ ಫಿಟ್ಟರ್, ತನಿಖೆಗೆಂದು ಹೋದ ನಮ್ಮನ್ನು ಕಂಡೊಡನೆ ಆಡಿದ ಮೊದಲ ಮಾತು ಇದು. ನಾವಿನ್ನೂ ಏನನ್ನೂ ಕೇಳಿರಲಿಲ್ಲ. ಎತ್ತರದಿಂದ ಬಿದ್ದವರನ್ನು ಮೊದಲು ಕೇಳುವ ಪ್ರಶ್ನೆ ಯಾವುದೆಂದು ಆತನಿಗೆ ಗೊತ್ತಿತ್ತು. ಉತ್ತರ ‘ಇಲ್ಲ’ ಎಂದಾದರೆ ತನಿಖೆ ಅಲ್ಲಿಗೇ ಮುಗಿದು ಹೊಣೆಯೆಲ್ಲ ತನ್ನ ತಲೆಗೆ ಬರುತ್ತದೆ ಎಂಬುದೂ ಗೊತ್ತಿತ್ತು. ಆತ ಹೇಳಿದ್ದು ನಿಜವಾಗಿತ್ತು. ಮೈಪೂರ್ತಿ ಕಟ್ಟಿಕೊಳ್ಳುವ ಸುರಕ್ಷಾ ಪಟ್ಟಿಗಳ ಹಾರ್ನೆಸ್ (ಆತ ‘ಬೆಲ್ಟ್’ ಎಂದದ್ದು ಇದನ್ನೇ) ಧರಿಸಿದ್ದ, ಎದೆಯ ಮತ್ತು ತೊಡೆಯ ಪಟ್ಟಿಗಳನ್ನು ಸರಿಯಾಗಿ ಬಿಗಿದುಕೊಂಡಿದ್ದ, ಹಾರ್ನೆಸ್‌ಗೆ ಜೋಡಿಸಿದ ಪಟ್ಟಿಯಾದ ಲ್ಯಾನ್ಯಾರ್ಡಿನ ಹುಕ್ಕನ್ನು, ಬಿದ್ದರೆ ಭಾರ ತಡೆಯಬೇಕಾದ ಆಧಾರಕ್ಕೆ, ಅಂದರೆ ಆ್ಯಂಕರಿಗೆ, ಸಿಕ್ಕಿಸಿದ್ದ. ಬಿದ್ದಾಗ ಯಾವುದೂ ಕಳಚಿಕೊಳ್ಳಲಿಲ್ಲ, ಯಾವುದೂ ತುಂಡಾಗಲಿಲ್ಲ. ಆದರೂ ಆತನ ಪಾದಗಳು ಕೆಳಗಿದ್ದ ಶೀಟ್‌ಗಳ ಅಟ್ಟಿಗೆ ಬಡಿದವು. ಸಲಕರಣೆ ಕೈಕೊಡದೆ, ಧರಿಸಿದವನೂ ತಪ್ಪದೆ, ರಕ್ಷಣೆ ಮಾತ್ರ ಸೋತ ಪ್ರಕರಣ ಇದಾದ್ದರಿಂದ ಇದನ್ನು ವಿವರವಾಗಿ ದಾಖಲಿಸುತ್ತಿದ್ದೇನೆ. ಸಂಸ್ಥೆಯ ಮತ್ತು ವ್ಯಕ್ತಿಗಳ ಗುರುತನ್ನು ಬೇಕೆಂದೇ ಬಿಟ್ಟಿದ್ದೇನೆ.

ನಡೆದದ್ದು

ಕೆಲಸ ನಡೆಯುತ್ತಿದ್ದುದು ಒಂದು ಉಗ್ರಾಣದ ಉಕ್ಕಿನ ಚೌಕಟ್ಟಿನಲ್ಲಿ. ಕಂಬಗಳು ನಿಂತಿದ್ದವು, ಕಂಬದಿಂದ ಕಂಬಕ್ಕೆ ಮುಖ್ಯ ಬೀಮ್‌ಗಳು ಕೂತಿದ್ದವು. ಅಡ್ಡ ಬೀಮ್‌ಗಳು ಮುಖ್ಯ ಬೀಮನ್ನು ಸೇರುವ ಕಡೆ ಮಾತ್ರ ಬೋಲ್ಟ್‌ಗಳನ್ನು ಕೈಯಿಂದ ತಿರುಗಿಸಿ ಬಿಟ್ಟಿದ್ದರೇ ಹೊರತು ಪೂರ್ತಿ ಬಿಗಿದಿರಲಿಲ್ಲ. ಬಿಗಿಯುವ ಕೆಲಸಕ್ಕೆ ಇಬ್ಬರು ಫಿಟ್ಟರ್‌ಗಳನ್ನು ಮೇಲಕ್ಕೆ ಕಳಿಸಲಾಗಿತ್ತು. ಮುಖ್ಯ ಬೀಮಿನ ಮೇಲ್ಮೈ ನೆಲದಿಂದ 5.6 ಮೀಟರ್ ಎತ್ತರದಲ್ಲಿತ್ತು. ಕಂಬಗಳು ಬೀಮನ್ನೂ ದಾಟಿ 2 ಮೀಟರಿಗಿಂತ ತುಸು ಹೆಚ್ಚು ಮೇಲಕ್ಕೆ ಚಾಚಿಕೊಂಡಿದ್ದವು. ಎರಡು ಕಂಬಗಳ ನಡುವಿನ ಅಂತರ 6 ಮೀಟರ್. ಬಿಗಿಯಬೇಕಿದ್ದ ಜೋಡಣೆ ಹೆಚ್ಚುಕಡಿಮೆ ಅದರ ನಟ್ಟನಡುವೆ ಇತ್ತು.

ಬೆಳಗ್ಗೆ 8 ಗಂಟೆಗೆ ಪರ್ಮಿಟ್, ಅಂದರೆ ಕೆಲಸದ ಅನುಮತಿ ಪತ್ರ, ಬರೆದಾಗ ಬೀಮಿನ ಕೆಳಗೆ ಬರೀ ಕಾಂಕ್ರೀಟ್ ನೆಲವಿತ್ತು. ಸೂಪರ್‌ವೈಸರ್ ಸ್ವತಃ ಹೋಗಿ ನೋಡಿ, ಆ ಜಾಗದ ಸುತ್ತ ಎಚ್ಚರಿಕೆಯ ಪಟ್ಟಿ ಕಟ್ಟಿಸಿ, ಸಹಿ ಹಾಕಿದ್ದರು. ಸುಮಾರು 11.15ಕ್ಕೆ, ಹೊರಗೋಡೆಗೆ ಹೊದಿಸುವ ಶೀಟ್‌ಗಳನ್ನು ಹೊತ್ತ ಲಾರಿ ಬಂತು. ಇಳಿಸುವ ತಂಡದವರು, ಮೇಲಿನವರು ಊಟಕ್ಕೆಂದು ಇಳಿದಿದ್ದ ಹೊತ್ತು ನೋಡಿ, ಪಟ್ಟಿಯನ್ನು ಎತ್ತಿ ಹಿಡಿದು, ಮರದ ತುಂಡುಗಳ ಮೇಲೆ ಶೀಟ್‌ಗಳ ಕಟ್ಟುಗಳನ್ನು ಪೇರಿಸಿ, ಪಟ್ಟಿಯನ್ನು ಮತ್ತೆ ಮೊದಲಿದ್ದಂತೆಯೇ ಕಟ್ಟಿ ಹೋದರು. ಅಟ್ಟಿಯ ಎತ್ತರ 1.4 ಮೀಟರ್. ಫಿಟ್ಟರ್‌ಗಳು ಊಟ ಮುಗಿಸಿ ಮೇಲೆ ಹೋದಾಗ ಅದನ್ನು ನೋಡಿದ್ದರು. ಅದು ತಮಗೆ ಸಂಬಂಧಿಸಿದ್ದು ಎಂದು ಇಬ್ಬರಿಗೂ ಅನಿಸಿರಲಿಲ್ಲ.

2.10ರ ಹೊತ್ತಿಗೆ ಫಿಟ್ಟರ್ ಬೀಮಿನ ಮೇಲೆ ನಿಂತು, ಬಗ್ಗಿ, ಉದ್ದ ಹಿಡಿಯ ಸ್ಪ್ಯಾನರನ್ನು ತನ್ನ ಕಡೆಗೆ ಎಳೆಯುತ್ತಿದ್ದ. ಸ್ಪ್ಯಾನರ್ ನಟ್ಟಿನಿಂದ ಜಾರಿತು. ಎಳೆತಕ್ಕೆ ಎದುರಿದ್ದ ಬಲ ಒಮ್ಮೆಲೇ ಇಲ್ಲವಾದದ್ದರಿಂದ ಆತ ಹಿಂದಕ್ಕೆ ವಾಲಿ, ಬೀಮಿನ ಅಂಚಿನಿಂದ ಕಾಲು ತಪ್ಪಿ ಬಿದ್ದ. ಜೊತೆಗಾರ ತಿರುಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸಲಕರಣೆ ಹೇಳಿದ ಸಾಕ್ಷಿ

ಬಿದ್ದವನ ಹೇಳಿಕೆ, ನೋಡಿದವರ ಹೇಳಿಕೆ ಇವೆಲ್ಲಕ್ಕಿಂತ ನಿಖರವಾಗಿ ಮಾತಾಡಿದ್ದು ಲ್ಯಾನ್ಯಾರ್ಡಿಗೆ ಹೊಲಿದಿದ್ದ ಶಾಕ್ ಅಬ್ಸಾರ್ಬರ್. ನೋಡಲು ಅಂಗೈ ಅಗಲದ ಒಂದು ಸಣ್ಣ ಪೊಟ್ಟಣದಂತಿರುವ ಇದರೊಳಗೆ, ಎರಡು ಪದರಗಳನ್ನು ಒಂದಕ್ಕೊಂದು ಬೆಸೆದು ನೇಯ್ದ ಪಟ್ಟಿಯನ್ನು ಮಡಿಕೆ ಮಡಿಕೆಯಾಗಿ ಮಡಚಿ ಇಟ್ಟಿರುತ್ತಾರೆ. ಮಾಮೂಲಿ ಒರಗುವಿಕೆಗೆ, ಎಳೆತಕ್ಕೆ ಅದು ಬಿಚ್ಚಿಕೊಳ್ಳುವುದಿಲ್ಲ. ಸುಮಾರು 2 ಕಿಲೋನ್ಯೂಟನ್ (ಹೆಚ್ಚುಕಡಿಮೆ 200 ಕಿಲೋ ತೂಕದಷ್ಟು) ಬಲವನ್ನು ತಡೆದುಕೊಂಡೂ ಹಾಗೇ ಇರುವಂತೆ ಅದನ್ನು ಮಾಡಿರುತ್ತಾರೆ. ಅದಕ್ಕೂ ಮೀರಿದ ಜಗ್ಗು ಬಂದಾಗ ಪದರಗಳು ಒಂದರಿಂದ ಒಂದು ಹರಿಯುತ್ತಾ ಬಿಚ್ಚಿಕೊಳ್ಳುತ್ತವೆ. ಆ ಹರಿಯುವಿಕೆಯೇ ಬೀಳುವಿಕೆಯ ಶಕ್ತಿಯನ್ನು ನುಂಗುವುದು. ಯುರೋಪಿನ ಇಎನ್ 355 ಮಾನದಂಡದ ಪ್ರಕಾರ, 2 ಮೀಟರ್ ಲ್ಯಾನ್ಯಾರ್ಡಿಗೆ 100 ಕಿಲೋ ಭಾರ ಕಟ್ಟಿ 4 ಮೀಟರ್ ಬೀಳಿಸಿದರೂ ಜಗ್ಗುವ ಬಲ 6 ಕಿಲೋನ್ಯೂಟನ್ ದಾಟಬಾರದು ಮತ್ತು ಅಬ್ಸಾರ್ಬರ್ 1.75 ಮೀಟರಿಗಿಂತ ಹೆಚ್ಚು ಉದ್ದವಾಗಬಾರದು.

ನಾವು ನೋಡಿದಾಗ ಪ್ಲಾಸ್ಟಿಕ್ ಹೊದಿಕೆ ಒಂದು ಬದಿಯಲ್ಲಿ ಸೀಳಿ ಬಾಯಿ ತೆರೆದಿತ್ತು. ಒಳಗಿನ ಪಟ್ಟಿಯಲ್ಲಿ 20 ಸೆಂಟಿಮೀಟರ್‌ನಷ್ಟು ಭಾಗದಲ್ಲಿ ಪದರಗಳು ಬೇರೆಯಾಗಿ, ಕಿತ್ತ ನೂಲಿನ ಎಳೆಗಳು ಕುಂಚದ ಕೂದಲಿನಂತೆ ಎದ್ದು ನಿಂತಿದ್ದವು. ಅದರಾಚೆಗೆ ಪಟ್ಟಿ ಹೊಸದರಂತೆ ಮಡಿಕೆ ಮುರಿಯದೆ ಹಾಗೇ ಇತ್ತು. ಬೇರೆಯಾದ ಎರಡು ಪದರಗಳನ್ನು ನೇರವಾಗಿ ಚಾಚಿದರೆ ಹೆಚ್ಚಿದ ಉದ್ದ 40 ಸೆಂಟಿಮೀಟರ್. ಹರಿದ ಭಾಗ ಎಲ್ಲಿ ನಿಂತಿತ್ತೋ ಆ ಗೆರೆಯೇ ಇಡೀ ಪ್ರಕರಣದ ಮುಖ್ಯ ಸಾಕ್ಷಿ. ಅಬ್ಸಾರ್ಬರ್ ತನ್ನ ಕೆಲಸವನ್ನು ಆರಂಭಿಸಿತ್ತು, ಮುಗಿಸಿರಲಿಲ್ಲ. ನಡುವೆ ಬೇರೇನೋ ಆತನ ಭಾರವನ್ನು ತನ್ನ ಮೇಲೆ ತೆಗೆದುಕೊಂಡಿತು. ಆ ‘ಬೇರೇನೋ’ ಶೀಟ್‌ಗಳ ಅಟ್ಟಿ. ಮೇಲಿನ ಶೀಟಿನ ಏಣುಗಳು ಎರಡು ಕಡೆ ತಗ್ಗಿಹೋಗಿದ್ದವು, ಒಂದೊಂದು ತಗ್ಗೂ ಒಂದು ಬೂಟಿನ ಅಗಲವಿತ್ತು.

ಉಳಿದದ್ದನ್ನು ಬೇಗ ಹೇಳಿ ಮುಗಿಸಬಹುದು. ಹಾರ್ನೆಸ್‌ನ ಹೊಲಿಗೆ, ಬಕಲ್, ಲ್ಯಾನ್ಯಾರ್ಡ್ ಸೇರುವ ಬೆನ್ನ ಹಿಂದಿನ ಡಿ-ರಿಂಗ್ ಎಲ್ಲವೂ ಗಟ್ಟಿಯಾಗಿದ್ದವು. ಎರಡು ಕವಲುಗಳಿದ್ದ ಲ್ಯಾನ್ಯಾರ್ಡಿನ ಬಳಸದ ಕವಲನ್ನು ಹಾರ್ನೆಸ್‌ನ ಗಟ್ಟಿ ರಿಂಗಿಗೆ ಸಿಕ್ಕಿಸದೆ, ಜಗ್ಗಿದರೆ ಬಿಟ್ಟುಕೊಳ್ಳುವ ಕುಣಿಕೆಗೇ ಸಿಕ್ಕಿಸಿದ್ದ. ಇದನ್ನು ತಪ್ಪಾಗಿ ಮಾಡಿದರೆ ಜಗ್ಗು ಅಬ್ಸಾರ್ಬರನ್ನು ಬಿಟ್ಟು ಆ ಕವಲಿನ ಮೂಲಕವೇ ಹೋಗುತ್ತದೆ, ಆದರೆ ಈತ ಸರಿಯಾಗಿಯೇ ಮಾಡಿದ್ದ. ಆ್ಯಂಕರ್ ಆಗಿ ಬೀಮಿಗೆ ಸುತ್ತಿದ್ದ ಗಟ್ಟಿ ಪಟ್ಟಿ, ಅಂದರೆ ಸ್ಲಿಂಗ್, ಒಂದಿಷ್ಟೂ ಸರಿದಿರಲಿಲ್ಲ. ಬೀಮಿನ ಚಪ್ಪಟೆ ಮೇಲ್ಭಾಗದ (ಫ್ಲ್ಯಾಂಜಿನ) ಅಂಚು ತಾಗಿದ ಕಡೆ ಲ್ಯಾನ್ಯಾರ್ಡಿನ ಪಟ್ಟಿಯಲ್ಲಿ ತುಸು ಸವೆದ ಗುರುತಿತ್ತು. ಅಂಚು ಇನ್ನೂ ಹರಿತವಾಗಿದ್ದಿದ್ದರೆ ಇದೇ ಬೇರೊಂದು ಪ್ರಕರಣವಾಗುತ್ತಿತ್ತು, ಇಲ್ಲಿ ಆಗಲಿಲ್ಲ.

ಲೆಕ್ಕ

ಸ್ಲಿಂಗ್ ಬೀಮಿಗೇ ಸುತ್ತಿದ್ದರಿಂದ ಆ್ಯಂಕರ್ ಇದ್ದದ್ದು ಫಿಟ್ಟರ್‌ನ ಪಾದದ ಮಟ್ಟದಲ್ಲಿ. ಬೆನ್ನಿನ ಡಿ-ರಿಂಗ್ ಪಾದದಿಂದ ಸುಮಾರು 1.5 ಮೀಟರ್ ಮೇಲಿರುತ್ತದೆ. ಮನುಷ್ಯ ಬಿದ್ದಾಗ ಆ ರಿಂಗ್ ಮೊದಲು ಆ್ಯಂಕರ್ ಮಟ್ಟದವರೆಗೆ 1.5 ಮೀಟರ್ ಬೀಳಬೇಕು, ಅಲ್ಲಿಂದ ಕೆಳಗೆ ಲ್ಯಾನ್ಯಾರ್ಡ್ ಬಿಗಿಯಾಗುವವರೆಗೆ ಇನ್ನೂ 2 ಮೀಟರ್ ಬೀಳಬೇಕು. ಅಂದರೆ, ತಡೆಯುವ ಬಲ ಹುಟ್ಟುವ ಮೊದಲೇ 3.5 ಮೀಟರ್ ಯಾವ ತಡೆಯೂ ಇಲ್ಲದ ಬೀಳುವಿಕೆ. ಅದಕ್ಕೆ ಹಿಡಿಯುವ ಸಮಯ 0.85 ಸೆಕೆಂಡ್; ಕೊನೆಯಲ್ಲಿ ವೇಗ ಸೆಕೆಂಡಿಗೆ 8.3 ಮೀಟರ್, ಗಂಟೆಗೆ ಸುಮಾರು 30 ಕಿಲೋಮೀಟರ್.

ಲ್ಯಾನ್ಯಾರ್ಡ್ ಬಿಗಿಯಾದ ಕ್ಷಣದಲ್ಲಿ ಆತನ ಪಾದಗಳು ಬೀಮಿನ ಮೇಲ್ಮೈಯಿಂದ 3.5 ಮೀಟರ್ ಕೆಳಗಿದ್ದವು. ಅಟ್ಟಿಯ ಮೇಲ್ಭಾಗ ಇದ್ದದ್ದು 4.2 ಮೀಟರ್ ಕೆಳಗೆ. ಉಳಿದದ್ದು 70 ಸೆಂಟಿಮೀಟರ್. ಹಾರ್ನೆಸ್ ಮೈಮೇಲೆ ಮೇಲಕ್ಕೆ ಸರಿದು ಹಿಗ್ಗುವುದರಲ್ಲಿ ಸುಮಾರು 30 ಸೆಂಟಿಮೀಟರ್ ಹೋಗುತ್ತದೆ. ಇನ್ನುಳಿದ 40 ಸೆಂಟಿಮೀಟರ್ ಎಷ್ಟೆಂದರೆ, ಅಬ್ಸಾರ್ಬರ್‌ನಲ್ಲಿ ನಾವು ಅಳೆದಷ್ಟೇ. ಇದು ಕಾಗದದ ಮೇಲೆ ಹೊಂದಿಬಂದಾಗ ತಂಡದಲ್ಲಿ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಫಿಟ್ಟರ್ ಮತ್ತು ಆತನ ಸೊಂಟದ ಉಪಕರಣಗಳು ಸೇರಿ 85 ಕಿಲೋ. ಅಬ್ಸಾರ್ಬರ್ ಸರಾಸರಿ 4 ಕಿಲೋನ್ಯೂಟನ್ ಬಲದಲ್ಲಿ ಹರಿಯುತ್ತದೆ ಎಂದು ಹಿಡಿದರೆ, ಆತನನ್ನು ಪೂರ್ತಿ ನಿಲ್ಲಿಸಲು ಅದು 90 ಸೆಂಟಿಮೀಟರ್‌ನಷ್ಟು ಬಿಚ್ಚಿಕೊಳ್ಳಬೇಕಿತ್ತು. ಅದಕ್ಕೆ ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ. ಶೀಟಿಗೆ ಬಡಿಯುವಾಗ ಆತನ ವೇಗ ಸೆಕೆಂಡಿಗೆ ಐದೂವರೆಯಿಂದ ಆರು ಮೀಟರ್ ಇತ್ತೆಂದು ನಮ್ಮ ಅಂದಾಜು. ಇದು ಒಂದೂವರೆ ಮೀಟರಿಗೂ ಹೆಚ್ಚು ಎತ್ತರದಿಂದ, ಮಂಡಿ ಬಾಗಿಸಿಕೊಳ್ಳಲು ಅವಕಾಶವಿಲ್ಲದೆ, ಗಡುಸಾದ ಏಣುಗಳ ಮೇಲೆ ನೇರವಾಗಿ ಹಿಮ್ಮಡಿ ಊರಿ ಇಳಿದಂತೆ. ಹಾರ್ನೆಸ್ ಬೆನ್ನಿನಿಂದ ಹಿಡಿದಿದ್ದರಿಂದ ಮೈ ನೆಟ್ಟಗಿತ್ತು. ಪೆಟ್ಟೆಲ್ಲ ಹಿಮ್ಮಡಿಗೇ ಹೋಯಿತು. ಹಾರ್ನೆಸ್ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಕೇಳಿದವರಿದ್ದಾರೆ. ಅಟ್ಟಿಯವರೆಗಿನ 4.2 ಮೀಟರನ್ನು ಹಿಂದಕ್ಕೆ ವಾಲಿದ ಭಂಗಿಯಲ್ಲೇ ಬೀಳುತ್ತಿದ್ದ, ಮೊದಲು ತಾಗುತ್ತಿದ್ದುದು ಬೆನ್ನು ಇಲ್ಲವೇ ತಲೆ. ಆದ್ದರಿಂದ ಸಲಕರಣೆ ವ್ಯರ್ಥವಾಯಿತು ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಕೆಲಸ ಮಾಡಲು ಬೇಕಾದ ಜಾಗವನ್ನು ನಾವು ಕೊಡಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಅಟ್ಟಿ ಇಲ್ಲದಿದ್ದರೆ? ಪಾದಗಳು 4.7 ಮೀಟರ್ ಕೆಳಗೆ, ಅಂದರೆ ನೆಲದಿಂದ 90 ಸೆಂಟಿಮೀಟರ್ ಮೇಲೆ ನಿಲ್ಲುತ್ತಿದ್ದವು. ಆದರೆ ಇದು ಆತನ ತೂಕಕ್ಕೆ ಮಾಡಿದ ಲೆಕ್ಕ. ತಯಾರಕರ ಲೆಕ್ಕ ಯಾರು ಧರಿಸುತ್ತಾರೆಂದು ತಿಳಿಯದೆ ಮಾಡುವಂಥದ್ದು. ಆದ್ದರಿಂದ ಅದು ಬಿಗಿಯಾಗಿರುತ್ತದೆ. ಲ್ಯಾನ್ಯಾರ್ಡ್ 2 ಮೀಟರ್, ಅಬ್ಸಾರ್ಬರ್ ಗರಿಷ್ಠ 1.75 ಮೀಟರ್, ಡಿ-ರಿಂಗಿನಿಂದ ಪಾದದವರೆಗೆ 1.5 ಮೀಟರ್, ಮೇಲೊಂದು ಮೀಟರ್ ಉಳಿಕೆ: ಒಟ್ಟು 6.25 ಮೀಟರ್. ಆ್ಯಂಕರ್‌ನಿಂದ ಕೆಳಕ್ಕೆ ಇಷ್ಟು ತೆರವು ಇಲ್ಲದ ಕಡೆ ಈ ಸಲಕರಣೆಯನ್ನು ಹೀಗೆ ಬಳಸಬೇಡಿ ಎಂಬುದು ಅದರ ಅರ್ಥ. ಅಬ್ಸಾರ್ಬರ್ ಹೊದಿಕೆಯ ಮೇಲೆ ಒಂದು ಚಿತ್ರವಿತ್ತು: ಬೀಳುತ್ತಿರುವ ಮನುಷ್ಯ, ಪಕ್ಕದಲ್ಲಿ ಬಾಣ, ಬಾಣದ ಬದಿಯಲ್ಲಿ 6.25. ಚಿತ್ರ ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು. ಬೆಳಗ್ಗೆ ಎಂಟಕ್ಕೆ, ಕೆಳಗೆ ಏನೂ ಇಲ್ಲದಿದ್ದಾಗಲೇ, ನಮ್ಮ ಬಳಿ ಇದ್ದದ್ದು 5.6. ಅಟ್ಟಿ ಬರುವುದಕ್ಕೆ ಮೂರು ತಾಸು ಮೊದಲೇ ಈ ವ್ಯವಸ್ಥೆ ಲೆಕ್ಕದಲ್ಲಿ ಸೋತಿತ್ತು.

ಎಲ್ಲಿಗೆ ಸಿಕ್ಕಿಸಬೇಕಿತ್ತು?

ಘಟನೆಯ ಮರುದಿನವೇ ಸಂಸ್ಥೆಯ ಒಳಗಿನ ಮೊದಲ ವರದಿ ಸಿದ್ಧವಾಗಿತ್ತು. ಅದರಲ್ಲಿ ಮೂಲ ಕಾರಣ ಎಂಬ ಕಾಲಂನಲ್ಲಿ, ತರಬೇತಿಯಲ್ಲಿ ಹೇಳಿಕೊಟ್ಟಂತೆ ಹುಕ್ಕನ್ನು ಭುಜದ ಮಟ್ಟಕ್ಕಿಂತ ಮೇಲೆ ಸಿಕ್ಕಿಸದೆ ಪಾದದ ಮಟ್ಟದಲ್ಲಿ ಸಿಕ್ಕಿಸಿದ ಕಾರ್ಮಿಕನ ನಿರ್ಲಕ್ಷ್ಯ ಎಂದು ಬರೆದಿತ್ತು. ವಾಕ್ಯದ ಮೊದಲರ್ಧ ನಿಜ. ತರಬೇತಿಯಲ್ಲಿ ಹಾಗೆ ಹೇಳಿಕೊಡುತ್ತಾರೆ, ಹೇಳಿಕೊಡಬೇಕಾದದ್ದೂ ಹಾಗೆಯೇ. ದ್ವಿತೀಯಾರ್ಧವನ್ನು ಒಪ್ಪುವ ಮೊದಲು ನಾನು ಬೂಮ್ ಲಿಫ್ಟಿನ (ಉದ್ದ ತೋಳಿನ ತುದಿಯಲ್ಲಿ ಜನರನ್ನು ಮೇಲೆತ್ತುವ ಯಂತ್ರದ) ಬುಟ್ಟಿಯಲ್ಲಿ ನಿಂತು ಆ ಬೀಮಿನ ಪಕ್ಕಕ್ಕೆ ಹೋಗಿ ನೋಡಿದೆ. ಆತ ನಿಂತಿದ್ದ ಜಾಗದಿಂದ ಲ್ಯಾನ್ಯಾರ್ಡ್ ಎಟುಕುವಷ್ಟು ದೂರದಲ್ಲಿ, ಸೊಂಟಕ್ಕಿಂತ ಮೇಲೆ, ಹುಕ್ ಸಿಕ್ಕಿಸಬಹುದಾದ ಒಂದೇ ಒಂದು ವಸ್ತು ಇರಲಿಲ್ಲ. ಮೇಲೆ ಆಕಾಶ, ಕೆಳಗೆ ಬೀಮು. ಕಂಬದ ತುದಿ ಮೂರು ಮೀಟರ್ ಆಚೆ. ಹುಕ್ ಹಾಕು ಎಂದು ಪ್ರತಿದಿನ ಹೇಳಿದವರು ಎಲ್ಲಿಗೆ ಎಂದು ಒಮ್ಮೆಯೂ ಹೇಳಿರಲಿಲ್ಲ. ಹೇಳಲು ಅವರ ಬಳಿಯೂ ಉತ್ತರವಿರಲಿಲ್ಲ. ಸ್ಲಿಂಗ್ ಕೊಟ್ಟು ಮೇಲೆ ಕಳಿಸುವುದೆಂದರೆ, ಆ್ಯಂಕರ್ ಎಲ್ಲಿರಬೇಕೆಂಬ ತಾಂತ್ರಿಕ ನಿರ್ಧಾರವನ್ನು ಒಂಬತ್ತು ಇಂಚು ಅಗಲದ ಬೀಮಿನ ಮೇಲೆ ಸಮತೋಲ ಕಾಯ್ದುಕೊಂಡು ನಿಂತವನಿಗೆ ಬಿಡುವುದೆಂದೇ ಅರ್ಥ.

ಆ್ಯಂಕರ್ ಮೇಲಿದ್ದಿದ್ದರೆ ಎಷ್ಟು ವ್ಯತ್ಯಾಸವಾಗುತ್ತಿತ್ತು ಎಂಬುದನ್ನೂ ಲೆಕ್ಕ ಹಾಕಿದೆವು. ಅದೇ ಹಾರ್ನೆಸ್, ಅದೇ 2 ಮೀಟರ್ ಲ್ಯಾನ್ಯಾರ್ಡ್, ಅದೇ ಮನುಷ್ಯ, ಕೆಳಗೆ ಅದೇ ಅಟ್ಟಿ; ಆ್ಯಂಕರ್ ಮಾತ್ರ ಆತನ ನೆತ್ತಿಯ ಮೇಲೆ, ಪಾದದಿಂದ 2 ಮೀಟರ್ ಎತ್ತರದಲ್ಲಿ ಎಂದುಕೊಳ್ಳಿ. ಆಗ ತಡೆಯಿಲ್ಲದ ಬೀಳುವಿಕೆ 3.5 ಮೀಟರ್ ಬದಲು 1.5 ಮೀಟರ್. ಅಬ್ಸಾರ್ಬರ್ 40 ಸೆಂಟಿಮೀಟರ್‌ನಷ್ಟು ಬಿಚ್ಚಿಕೊಂಡು ಪೂರ್ತಿ ನಿಲ್ಲಿಸುತ್ತದೆ. ಪಾದಗಳು ಅಟ್ಟಿಯಿಂದ ಸುಮಾರು 2 ಮೀಟರ್ ಮೇಲೆಯೇ ಉಳಿಯುತ್ತವೆ. ಅಬ್ಸಾರ್ಬರ್ ನಿಜವಾಗಿ ಹರಿದಿದ್ದೂ 40 ಸೆಂಟಿಮೀಟರ್ ಎಂಬುದನ್ನು ಗಮನಿಸಬೇಕು. ಹರಿದ ಉದ್ದವನ್ನಷ್ಟೇ ನೋಡಿ, ಇದೊಂದು ಸಣ್ಣ ಬೀಳುವಿಕೆ ಎಂದು ಯಾರಾದರೂ ತೀರ್ಮಾನಿಸಿದ್ದರೆ ಪೂರಾ ದಾರಿ ತಪ್ಪುತ್ತಿದ್ದರು.

ಕಾನೂನಿನ ಮಾತಿನಲ್ಲಿ ಇದು ಹೊಸ ವಿಷಯವೇನಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆಯಾದ ಓಶಾದ ನಿಯಮಗಳು ನಿರ್ಮಾಣ ಕೆಲಸಗಳಲ್ಲಿ ತಡೆಯಿಲ್ಲದ ಬೀಳುವಿಕೆ 6 ಅಡಿ, ಅಂದರೆ 1.8 ಮೀಟರ್ ಮೀರದಂತೆ ಮತ್ತು ಬಿದ್ದವನು ಕೆಳಗಿನ ಯಾವುದೇ ಮಟ್ಟವನ್ನು ತಾಗದಂತೆ ವ್ಯವಸ್ಥೆ ಇರಬೇಕೆನ್ನುತ್ತವೆ. ‘ಕೆಳಗಿನ ಮಟ್ಟ’ ಎಂದರೆ ನೆಲವೇ ಆಗಬೇಕಿಲ್ಲ. ಯಂತ್ರ, ಪೈಪು, ಇನ್ನೊಂದು ಬೀಮ್, ಶೀಟ್‌ಗಳ ಅಟ್ಟಿ, ಯಾವುದೂ ಆಗಬಹುದು. ಇದೇ ನಿಯಮಗಳು 1998ರ ಜನವರಿ 1ರಿಂದ ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟನ್ನು ಬೀಳುವಿಕೆ ತಡೆಯಲು ಬಳಸಕೂಡದೆಂದು ನಿಷೇಧಿಸಿದವು, ಏಕೆಂದರೆ ಜಗ್ಗಿನ ಬಲವೆಲ್ಲ ಹೊಟ್ಟೆ ಮತ್ತು ಸೊಂಟದ ಒಂದೇ ಪಟ್ಟಿಯ ಮೇಲೆ ಬಿದ್ದು ಒಳಗಿನ ಅಂಗಗಳಿಗೆ ಏಟಾಗುತ್ತಿತ್ತು. ಮೈಪೂರ್ತಿಯ ಹಾರ್ನೆಸ್ ಬಂದು ಇಷ್ಟು ವರ್ಷವಾದರೂ ಕೆಲಸಗಾರರ ಬಾಯಲ್ಲಿ ಅದು ‘ಬೆಲ್ಟ್’ ಆಗಿಯೇ ಉಳಿದಿದೆ. ಹೆಸರು ಉಳಿದರೆ ತೊಂದರೆಯಿಲ್ಲ. ಕಟ್ಟಿಕೊಂಡರೆ ಆಯಿತು ಎಂಬ ಬೆಲ್ಟ್ ಕಾಲದ ನಂಬಿಕೆಯೂ ಅದರೊಂದಿಗೆ ಉಳಿದುಬಂದಿದೆ, ತೊಂದರೆ ಅಲ್ಲಿದೆ.

ಪಟ್ಟಿ ಕಟ್ಟಿದ್ದು ಯಾರಿಗಾಗಿ?

ತನಿಖೆಯಲ್ಲಿ ನನ್ನನ್ನು ಬಹಳ ಕಾಡಿದ ಪ್ರಶ್ನೆ ಇದು. ಕೆಳಗಿನ ಜಾಗದ ಬಗ್ಗೆ ಯಾರೂ ಯೋಚಿಸಿರಲಿಲ್ಲ ಎಂದರೆ ತಪ್ಪಾಗುತ್ತದೆ. ಪರ್ಮಿಟ್ಟಿನ ಹದಿನಾಲ್ಕು ಅಂಶಗಳಲ್ಲಿ ಮೂರು ಕೆಳಗಿನ ಜಾಗಕ್ಕೇ ಸಂಬಂಧಿಸಿದ್ದವು: ಜನಸಂಚಾರ ತಡೆಯಲಾಗಿದೆಯೇ, ಎಚ್ಚರಿಕೆಯ ಪಟ್ಟಿ ಕಟ್ಟಲಾಗಿದೆಯೇ, ಉಪಕರಣಗಳು ಬೀಳದಂತೆ ದಾರ ಕಟ್ಟಲಾಗಿದೆಯೇ. ಮೂರಕ್ಕೂ ‘ಹೌದು’ ಎಂದು ಗುರುತು ಹಾಕಿತ್ತು, ಮೂರೂ ನಿಜವಾಗಿದ್ದವು. ಆದರೆ ಮೂರೂ ಪ್ರಶ್ನೆಗಳು ನೋಡುತ್ತಿದ್ದುದು ಒಂದೇ ದಿಕ್ಕಿಗೆ. ಮೇಲಿನಿಂದ ಬೀಳುವ ಸ್ಪ್ಯಾನರ್ ಕೆಳಗಿರುವವನ ತಲೆಗೆ ಬೀಳಬಾರದು ಎಂಬುದು ಅವುಗಳ ಕಾಳಜಿ. ಕೆಳಗಿರುವ ವಸ್ತು ಮೇಲಿನಿಂದ ಬೀಳುವವನಿಗೆ ಅಪಾಯವಾದೀತು ಎಂಬ ಪ್ರಶ್ನೆ ಇಡೀ ಫಾರಂನಲ್ಲಿ ಎಲ್ಲಿಯೂ ಇರಲಿಲ್ಲ.

ಶೀಟ್ ಇಳಿಸಿದ ತಂಡದ ಮುಖ್ಯಸ್ಥನನ್ನು ಕೇಳಿದಾಗ ಆತ ಅಂಜದೆ ಉತ್ತರಿಸಿದ: “ಪಟ್ಟಿ ಕಟ್ಟಿದ್ದು ಜನ ಓಡಾಡಬಾರದು ಅಂತ ಅಲ್ವಾ ಸರ್? ನಾವು ಅಲ್ಲಿ ನಿಲ್ಲಲಿಲ್ಲ. ಮೇಲೆ ಯಾರೂ ಇಲ್ಲದಾಗ ಇಟ್ಟು ಬಂದ್ವಿ.” ಆ ಪಟ್ಟಿಗೆ ಕೊಟ್ಟಿದ್ದ ಅರ್ಥವನ್ನು ಆತ ಸರಿಯಾಗಿಯೇ ಗ್ರಹಿಸಿದ್ದ. ಸಾಮಾನು ಇಡುವುದಕ್ಕೆ, ಮನುಷ್ಯರನ್ನು ದೂರವಿಡಲು ಕಟ್ಟಿದ ಪಟ್ಟಿಯ ಒಳಭಾಗಕ್ಕಿಂತ ಪ್ರಶಸ್ತ ಜಾಗ ಇನ್ನಾವುದಿದ್ದೀತು? ಅಲ್ಲಿ ಯಾರೂ ಎಡವುವುದಿಲ್ಲ, ಯಾರೂ ಮುಟ್ಟುವುದಿಲ್ಲ. ನಮ್ಮ ತಡೆಗಟ್ಟೇ ಆ ಅಟ್ಟಿಯನ್ನು ಅಲ್ಲಿಗೆ ಕರೆದಂತಾಗಿತ್ತು.

ಇನ್ನೊಂದು ಮಾತು. ಹಾರ್ನೆಸ್ ಬೆಳಗ್ಗೆ ಸರಿಯಾಗಿದ್ದರೆ ಮಧ್ಯಾಹ್ನವೂ ಸರಿಯಾಗಿರುತ್ತದೆ ಎಂದು ನಂಬಲು ಕಾರಣವಿದೆ. ಆ್ಯಂಕರ್ ಕೂಡ ಹಾಗೆಯೇ. ಕೆಳಗಿನ ತೆರವು ಹಾಗಲ್ಲ. ಮೇಲಿರುವವನ ಸಲಕರಣೆಯನ್ನು ಯಾರೂ ಮುಟ್ಟದೆಯೇ, ಅದರ ಪಕ್ಕಕ್ಕೂ ಬರದೆಯೇ, ಅದನ್ನು ನಿಷ್ಪ್ರಯೋಜಕಗೊಳಿಸಬಹುದು. ಕೆಳಗೊಂದು ವಾಹನ ನಿಲ್ಲಿಸಿದರೂ ಸಾಕು.

ಆ ಒಂಬತ್ತು ನಿಮಿಷ

ಫಿಟ್ಟರ್ ಅಟ್ಟಿಗೆ ಬಡಿದು ಒಂದು ಬದಿಗೆ ಕುಸಿದಿದ್ದರಿಂದ ತೂಗಾಡುತ್ತಾ ಉಳಿಯಲಿಲ್ಲ. ಲ್ಯಾನ್ಯಾರ್ಡ್ ಅರೆಬಿಗಿಯಾಗಿ ಆತನ ಬೆನ್ನನ್ನು ಮೇಲಕ್ಕೆ ಎಳೆದಿತ್ತು. ಮೇಲಿನ ಹುಕ್ಕನ್ನು ಬಿಡಿಸಲು ಜೊತೆಗಾರನಿಗೆ ಧೈರ್ಯವಾಗಲಿಲ್ಲ, ಕೆಳಗಿನವರ ಬಳಿ ಪಟ್ಟಿ ಕತ್ತರಿಸುವ ಚೂರಿ ಇರಲಿಲ್ಲ. ಕೊನೆಗೆ ಶೀಟ್ ಕಟ್ಟು ಬಿಚ್ಚುವ ಕತ್ತರಿ ತಂದು ಕತ್ತರಿಸುವ ಹೊತ್ತಿಗೆ ಒಂಬತ್ತು ನಿಮಿಷವಾಗಿತ್ತು. ಪರ್ಮಿಟ್ಟಿನ ‘ರಕ್ಷಣಾ ಯೋಜನೆ’ ಕಾಲಂನಲ್ಲಿ ಅಗ್ನಿಶಾಮಕ ದಳದ ಫೋನ್ ಸಂಖ್ಯೆ ಬರೆದಿತ್ತು, ಅಷ್ಟೇ.

ಅಟ್ಟಿ ಇರದಿದ್ದರೆ ಆತನ ಪಾದಗಳು ನೆಲದಿಂದ ಹೆಚ್ಚುಕಡಿಮೆ ಸೊಂಟದೆತ್ತರದಲ್ಲಿ ತೂಗುತ್ತಿದ್ದವು, ಕೆಳಗಿನವರು ಒಂದು ಮೇಜು ತಂದಿಟ್ಟಿದ್ದರೂ ಸಾಕಾಗುತ್ತಿತ್ತು. ಆದರೆ ಹತ್ತಿಪ್ಪತ್ತು ಮೀಟರ್ ಎತ್ತರದಲ್ಲಿ ಆ ಯೋಜನೆಯೇ ಇದ್ದಿದ್ದರೆ ಕಥೆ ಬೇರೆ. ಅಲುಗಾಡದೆ ಹಾರ್ನೆಸ್‌ನಲ್ಲಿ ನೇರವಾಗಿ ತೂಗುವವನ ಕಾಲುಗಳಲ್ಲಿ ರಕ್ತ ನಿಲ್ಲುತ್ತದೆ, ಹೃದಯಕ್ಕೆ ಮರಳುವುದು ಕಡಿಮೆಯಾಗುತ್ತದೆ, ಆತ ಪ್ರಜ್ಞೆ ತಪ್ಪಬಹುದು. ಪ್ರಜ್ಞೆ ತಪ್ಪಿದವನು ನೆಲದ ಮೇಲಿದ್ದರೆ ಬಿದ್ದು ಅಡ್ಡಲಾಗುತ್ತಾನೆ, ಅದರಿಂದಲೇ ಚೇತರಿಸಿಕೊಳ್ಳುತ್ತಾನೆ, ಹಾರ್ನೆಸ್ ಅದಕ್ಕೂ ಅವಕಾಶ ಕೊಡುವುದಿಲ್ಲ. ಇದು ಗಂಟೆಗಳ ಮಾತಲ್ಲ, ನಿಮಿಷಗಳ ಮಾತು. ಇಳಿಸಿದ ಮೇಲೆ ಮಲಗಿಸಬಾರದು, ಕೂರಿಸಿಯೇ ಇಡಬೇಕು ಎಂಬ ಹಳೆಯ ಸಲಹೆಯನ್ನು ಅಂದು ಅಲ್ಲಿಯೂ ಒಬ್ಬರು ಕೂಗಿ ಹೇಳಿದರಂತೆ. ಬ್ರಿಟನ್ನಿನ ಕಾರ್ಮಿಕ ಸುರಕ್ಷತಾ ಸಂಸ್ಥೆಯಾದ ಎಚ್‌ಎಸ್‌ಇ 2009ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ ಆ ಸಲಹೆಗೆ ಆಧಾರ ಸಿಗಲಿಲ್ಲ. ಸಾಮಾನ್ಯ ಪ್ರಥಮ ಚಿಕಿತ್ಸೆಯನ್ನೇ ಅನುಸರಿಸಬೇಕೆಂಬುದು ಅದರ ತೀರ್ಮಾನ. ಪುಣ್ಯಕ್ಕೆ ಅಲ್ಲಿದ್ದ ಪ್ರಥಮ ಚಿಕಿತ್ಸಕಿ ಆ ಮಾತಿಗೆ ಕಿವಿಗೊಡಲಿಲ್ಲ. ಹಿಮ್ಮಡಿ ಊರಿ ಬಿದ್ದವರಲ್ಲಿ ಬೆನ್ನುಮೂಳೆಗೂ ಪೆಟ್ಟಾಗಿರಬಹುದೆಂದು ಆಕೆಗೆ ಗೊತ್ತಿದ್ದರಿಂದ, ಆತನನ್ನು ಅಟ್ಟಿಯ ಮೇಲೆಯೇ ಅಲುಗಾಡಿಸದೆ ಮಲಗಿಸಿ, ಸ್ಟ್ರೆಚರ್ ಬರುವವರೆಗೂ ತಲೆಯನ್ನು ಹಿಡಿದು ಕೂತಿದ್ದರು. ಆಸ್ಪತ್ರೆಯಲ್ಲಿ ತೆಗೆದ ಚಿತ್ರಗಳಲ್ಲಿ ಬೆನ್ನುಮೂಳೆ ಸರಿಯಾಗಿತ್ತು.

ಮುಂದೆ ಮಾಡಿದ್ದು

ಉಳಿದಿದ್ದ ಜೋಡಣೆಗಳನ್ನು ಹೇಗೆ ಮುಗಿಸುವುದು ಎಂಬ ಚರ್ಚೆ ಎರಡು ದಿನ ನಡೆಯಿತು. ಎರಡು ಕಂಬಗಳ ತುದಿಗಳ ನಡುವೆ ತಲೆಯ ಮಟ್ಟದಲ್ಲಿ ಅಡ್ಡ ಲೈಫ್‌ಲೈನ್, ಅಂದರೆ ಹುಕ್ ಸಿಕ್ಕಿಸುವ ತಂತಿ, ಎಳೆಯೋಣ ಎಂಬುದು ಎಲ್ಲರಿಗೂ ಮೊದಲು ಹೊಳೆದ ಉಪಾಯ. ಅದನ್ನು ವೈರ್ ರೋಪ್ ತಂದು ಕಟ್ಟಿಬಿಡುವ ಕೆಲಸವೆಂದು ಭಾವಿಸುವುದು ಅಪಾಯಕಾರಿ. ತಂತಿಯನ್ನು ಬಿಗಿಯಾಗಿ ಎಳೆದಷ್ಟೂ ಒಳ್ಳೆಯದು ಎಂದು ಕಣ್ಣಿಗೆ ಕಾಣುತ್ತದೆ, ಆದರೆ ನಡುವೆ 6 ಕಿಲೋನ್ಯೂಟನ್ ಜಗ್ಗು ಬಿದ್ದಾಗ ತಂತಿ ಅಡ್ಡಗೆರೆಯಿಂದ ಕೇವಲ 5 ಡಿಗ್ರಿ ಬಾಗಿದರೆ, ಅದರ ಎರಡೂ ತುದಿಗಳಲ್ಲಿ ಸುಮಾರು 34 ಕಿಲೋನ್ಯೂಟನ್ ಎಳೆತ ಹುಟ್ಟುತ್ತದೆ. ಸಡಿಲ ಬಿಟ್ಟರೆ ಎಳೆತ ಕಡಿಮೆಯಾಗುತ್ತದೆ, ಆದರೆ ಬಾಗಿದಷ್ಟೂ ಮನುಷ್ಯ ಇನ್ನಷ್ಟು ಕೆಳಗಿಳಿಯುತ್ತಾನೆ, ಮತ್ತೆ ಅದೇ ತೆರವಿನ ಪ್ರಶ್ನೆ. ವಿನ್ಯಾಸ ಮಾಡಿಸದೆ ಇದು ಬೇಡ ಎಂದು ನಾನು ಹಟ ಹಿಡಿದೆ. ತಾನೇ ಸುತ್ತಿಕೊಳ್ಳುವ ರಿಟ್ರಾಕ್ಟೆಬಲ್ ಲೈಫ್‌ಲೈನ್ ತೀರಾ ಕಡಿಮೆ ಅಂತರದಲ್ಲಿ ಹಿಡಿಯುತ್ತದೆ ಎಂಬುದು ನಿಜವೇ, ಆದರೆ ಸಾಧಾರಣ ಮಾದರಿಗಳಿಗೂ ಆ್ಯಂಕರ್ ತಲೆಯ ಮೇಲೆಯೇ ಬೇಕು. ಪಾದದ ಮಟ್ಟದಲ್ಲಿ ಸಿಕ್ಕಿಸಿ ಉಕ್ಕಿನ ಅಂಚಿನ ಮೇಲೆ ಬಾಗಲು ಅದಕ್ಕೆಂದೇ ಪರೀಕ್ಷಿಸಿದ ಮಾದರಿ ಇರಬೇಕು. ಅಂಚಿಗೆ ಹೋಗದಂತೆ ಗಿಡ್ಡ ಹಗ್ಗದಲ್ಲಿ ಕಟ್ಟಿಹಾಕುವ ವಿಧಾನ ಮಾಳಿಗೆಯ ಮೇಲೆ ಅತ್ಯುತ್ತಮ, ಆದರೆ ಎರಡೂ ಬದಿ ಅಂಚೇ ಆಗಿರುವ ಬೀಮಿನ ಮೇಲೆ ಅರ್ಥವಿಲ್ಲದ್ದು.

ಕೊನೆಗೆ ನಿರ್ಧಾರವಾದದ್ದು ಬಹಳ ಸರಳವಾದದ್ದು: ಬೀಮಿನ ಮೇಲೆ ಯಾರೂ ಹತ್ತುವುದೇ ಬೇಡ. ನಾನು ಬೀಮ್ ನೋಡಲು ಬಳಸಿದ ಬೂಮ್ ಲಿಫ್ಟ್ ಅದೇ ನಿವೇಶನದಲ್ಲಿ ಗೋಡೆ ಹೊದಿಸುವ ತಂಡದ ಬಳಿ ಮೊದಲಿನಿಂದಲೂ ಇತ್ತು. ಅದು ತಮ್ಮ ಲೆಕ್ಕದ್ದು ಎಂದು ಅವರು, ಕೇಳಿದರೆ ಅರ್ಧ ದಿನ ಕಾಯಬೇಕು ಎಂದು ಬೋಲ್ಟ್ ಬಿಗಿಯುವ ತಂಡದವರು, ಹೀಗೆ ಅದು ಅಲ್ಲೇ ಉಳಿದಿತ್ತು. ಬುಟ್ಟಿಯಲ್ಲಿ ನಿಂತು, ಬುಟ್ಟಿಯೊಳಗಿನ ಆ್ಯಂಕರಿಗೆ ಗಿಡ್ಡ ಲ್ಯಾನ್ಯಾರ್ಡ್ ಸಿಕ್ಕಿಸಿ, ಉಳಿದ ಬೋಲ್ಟ್‌ಗಳನ್ನು ಇಬ್ಬರು ಒಂದೂವರೆ ದಿನದಲ್ಲಿ ಬಿಗಿದು ಮುಗಿಸಿದರು. ಆ ಬಳಿಕದ ಬೀಮ್‌ಗಳಿಗೆ, ನೆಲದ ಮೇಲಿರುವಾಗಲೇ ಆ್ಯಂಕರ್ ಕಂಬಿಗಳನ್ನು ಜೋಡಿಸಿ ಆಮೇಲೆ ಎತ್ತುವ ಕ್ರಮ ಬಂತು.

ಪರ್ಮಿಟ್ ಫಾರಂನಲ್ಲಿಯೂ ಒಂದು ಹೊಸ ಚೌಕ ಸೇರಿಸಲಾಯಿತು: ‘ಆ್ಯಂಕರ್‌ನಿಂದ ಕೆಳಗಿನ ಮೊದಲ ವಸ್ತುವಿನವರೆಗಿನ ಅಳತೆ, ಮೀಟರ್‌ಗಳಲ್ಲಿ’. ಹೌದು, ಇಲ್ಲ ಎಂದು ಗುರುತು ಹಾಕಲು ಅಲ್ಲಿ ಅವಕಾಶವಿರಲಿಲ್ಲ, ಸಂಖ್ಯೆಯನ್ನೇ ಬರೆಯಬೇಕಿತ್ತು; ಅದು ನನಗೆ ಹೆಮ್ಮೆಯ ವಿಷಯವೂ ಆಗಿತ್ತು. ಒಂದು ತಿಂಗಳ ನಂತರ ಕಡತ ತೆಗೆದು ನೋಡಿದಾಗ ಹೆಚ್ಚುಕಡಿಮೆ ಎಲ್ಲ ಪರ್ಮಿಟ್‌ಗಳ ಆ ಚೌಕದಲ್ಲಿ 6.25 ಎಂದು ಬರೆದಿತ್ತು. ಬೇರೆ ಬೇರೆ ಎತ್ತರದ ಕೆಲಸಗಳು, ಬೇರೆ ಬೇರೆ ಜಾಗಗಳು, ಸಂಖ್ಯೆ ಮಾತ್ರ ಒಂದೇ. ಅಬ್ಸಾರ್ಬರ್ ಮೇಲಿನ ಚಿತ್ರದಿಂದ ನಕಲು ಮಾಡಿದ್ದರು. ಒಂದೇ ಒಂದು ಹಾಳೆಯಲ್ಲಿ ಯಾರೋ 4.8 ಎಂದು ಬರೆದು, ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ 6.25 ಎಂದು ತಿದ್ದಿದ್ದರು. ಈಗ ಆ ಚೌಕವನ್ನು ಎರಡಾಗಿ ಒಡೆದಿದ್ದೇವೆ. ಒಂದರಲ್ಲಿ ಬೇಕಾದ ಅಂತರ, ಅದನ್ನು ನಾವೇ ಮುದ್ರಿಸಿ ಕೊಡುತ್ತೇವೆ. ಇನ್ನೊಂದರಲ್ಲಿ ಇರುವ ಅಂತರ. ಅದನ್ನು ಮೇಲೆ ಹತ್ತುವವನೇ ಲೇಸರ್ ಅಳತೆಗೋಲನ್ನು ಕೆಳಕ್ಕೆ ಹಿಡಿದು, ಬೆಳಗ್ಗೆ ಒಮ್ಮೆ, ಊಟದ ನಂತರ ಇನ್ನೊಮ್ಮೆ, ವೇಳೆ ಸಮೇತ ಬರೆಯುತ್ತಾನೆ. 4.8ನ್ನು ಹೊಡೆದುಹಾಕಿದ್ದು ಯಾರೆಂದು ನಾವು ವಿಚಾರಿಸಲಿಲ್ಲ. ಮೊದಲು ಅದನ್ನು ಬರೆದವರು ಯಾರೆಂದು ವಿಚಾರಿಸಿದೆವು. ಅಳೆಯುವುದನ್ನು ಉಳಿದವರಿಗೆ ಕಲಿಸುವ ಕೆಲಸ ಈಗ ಆತನದು.